ಜ್ವರಕ್ಕೆ ಕೂತ ಹಚ್ಚೆ

ರೇಷ್ಮೆ ಹುಳು ಜ್ವರಕ್ಕೆ ಕೂತಾಗ ಮುಟ್ಟಬಾರದು. ನಮ್ಮ ಮನೆಯಲ್ಲಿ ಇದು ಸಣ್ಣ ಮಕ್ಕಳಿಗೂ ಗೊತ್ತು. ಸೊಪ್ಪು ಬಿಟ್ಟು, ತಲೆ ಎತ್ತಿ, ಒಂದು ದಿನ ಅಲ್ಲಾಡದೆ ಕೂರುತ್ತದೆ. ಒಳಗೆ ಹೊಸ ಚರ್ಮ ಬಂದು ಹಳೆಯದು ತಾನಾಗಿ ಕಳಚುವ ತನಕ ಮೇಲಷ್ಟು ಸುಣ್ಣದ ಪುಡಿ ಉದುರಿಸಿ ದೂರ ನಿಲ್ಲಬೇಕು. ಎಲ್ಲ ಹುಳು ಏಳುವ ಮೊದಲೇ ಅವಸರಪಟ್ಟು ಸೊಪ್ಪು ಹಾಕಿದರೆ ಬೆಳೆ ಏರುಪೇರಾಗುತ್ತದೆ, ಅಪ್ಪನ ಬೈಗುಳ ಬೇರೆ. ಹದಿನೈದು ವರ್ಷದಿಂದ ಹುಳು ಸಾಕಿದ ಕೈ ನನ್ನದು. ಆದರೂ ನನ್ನದೇ ಮಣಿಕಟ್ಟಿನ ಚರ್ಮ ಜ್ವರಕ್ಕೆ ಕೂತಾಗ ಸುಮ್ಮನಿರಲು ಆಗಲಿಲ್ಲ.

ಹಚ್ಚೆ ಹಾಕಿಸಿಕೊಂಡದ್ದು ಬೆಂಗಳೂರಿನಲ್ಲಿ, ಒಂದು ಭಾನುವಾರ. ಎಡ ಮಣಿಕಟ್ಟಿನ ಸುತ್ತ ಎರಡೆಳೆ, ನಡುವೆ ಚುಕ್ಕಿ, ನೋಡಿದರೆ ಬಳೆಯ ಹಾಗೆ. ಕೈವಾರದವಳು ಬಳೆ ಬರೆಸಿಕೊಳ್ಳದೆ ಇನ್ನೇನು ಬರೆಸಿಕೊಳ್ಳಲಿ? ನಮ್ಮ ತಾತಯ್ಯ, 1726ರಲ್ಲಿ ಹುಟ್ಟಿ 110 ವರ್ಷ ಬಾಳಿದರೆಂದು ಭಕ್ತರು ನಂಬುವ ಯೋಗಿ ನಾರೇಯಣರು, ಸಂಸಾರ ಬಿಡುವ ಮೊದಲು ಊರೂರು ತಿರುಗಿ ಬಳೆ ಮಾರಿದವರು. ಆದರೆ ಬಳೆ ಬರೆಸಿಕೊಂಡ ಜಾಗದ ಮೇಲೆ ಗಾಯ ಮಾಯುವ ತನಕ ಬಳೆ ತೊಡುವಂತಿಲ್ಲ ಎನ್ನುವುದು ನನಗೆ ಆಮೇಲೆ ಹೊಳೆಯಿತು.

ಹಾಕಿದ ಹುಡುಗ ಚೊಕ್ಕ ಕೆಲಸದವನು. ಹೊಸ ಸೂಜಿಯನ್ನು ನನ್ನೆದುರೇ ಬಿಚ್ಚಿದ, ಶಾಯಿಯನ್ನು ಬೇರೆ ಪುಟ್ಟ ಬಟ್ಟಲಿಗೆ ಸುರಿದುಕೊಂಡ. ಜಾತ್ರೆಯಲ್ಲಿ ಒಂದೇ ಸೂಜಿ, ಒಂದೇ ಬಟ್ಟಲಲ್ಲಿ ಸಾಲಾಗಿ ಕೈಯೊಡ್ಡಿ ಕೂತವರನ್ನು ನೋಡಿದ್ದ ನಾನು ಇಷ್ಟನ್ನು ಮಾತ್ರ ಮೊದಲೇ ಕೇಳಿಕೊಂಡು ಹೋಗಿದ್ದೆ. ಹೆಪಟೈಟಿಸ್ ಬಿ, ಸಿ ಎರಡೂ ಹಾಗೇ ಒಬ್ಬರ ರಕ್ತದಿಂದ ಇನ್ನೊಬ್ಬರಿಗೆ ದಾಟುತ್ತವೆ. ಶಾಯಿಯ ಬಾಟಲಿಯ ಮೇಲೆ ಏನು ಬರೆದಿದೆ ಎಂದು ಕೇಳಲಿಲ್ಲ. 2025ರಲ್ಲಿ ರಾಜ್ಯ ಸರ್ಕಾರ ಶಾಯಿಯ ಮಾದರಿಗಳಲ್ಲಿ 22 ಬಗೆಯ ಲೋಹ ಸಿಕ್ಕಿವೆ ಎಂದಾಗ ಒಮ್ಮೆ ಕೈ ನೋಡಿಕೊಂಡೆ, ಅಷ್ಟೇ. ಒಳಗೆ ಹೋದದ್ದು ಹೋಯಿತಲ್ಲ.

ಮಣಿಕಟ್ಟಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ನಾಲ್ಕು ಗಂಟೆ ಬಿಟ್ಟು ತೆಗೆದು ತೊಳೆಯಿರಿ ಎಂದ. ಆ ಹೊತ್ತಿಗೆ ನಾನು ಹೊಸಕೋಟೆ ದಾಟಿದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೆ. ಕೈವಾರ ಕ್ರಾಸಿನಲ್ಲಿ ಇಳಿದು ಮನೆ ಸೇರಿ ಉಂಡು ಮಲಗಿದೆ. ಬೆಳಿಗ್ಗೆ ಬಿಚ್ಚಿದರೆ ಒಳಗೆ ಕಪ್ಪು ನೀರು! ಶಾಯಿಯೆಲ್ಲ ಸೋರಿಹೋಯಿತೆಂದು ಅಳುವುದೊಂದು ಬಾಕಿ. ಸೋರಿದ್ದು ರಕ್ತದ ತಿಳಿನೀರು, ಜೊತೆಗೆ ಮೇಲೆ ಉಳಿದ ಶಾಯಿ. ಮೊದಲ ಒಂದೆರಡು ದಿನ ಅದು ಸಹಜ. ಸಹಜವಲ್ಲದ್ದು ಆ ನೀರನ್ನು ರಾತ್ರಿಯಿಡೀ ಪ್ಲಾಸ್ಟಿಕ್ಕಿನೊಳಗೆ ಬೆವರಿಸಿ ಇಟ್ಟದ್ದು. ಹಸಿ ಗಾಯಕ್ಕೆ ಬಿಸಿ, ತೇವ, ಗಾಳಿಯಿಲ್ಲದ ಗೂಡು ಕಟ್ಟಿಕೊಟ್ಟಿದ್ದೆ.

ಅವ್ವ, ಅಂದರೆ ನಮ್ಮಜ್ಜಿ, ನೋಡಿ ಮೊದಲು ನಕ್ಕಳು. ಅವಳ ಮುಂಗೈ ಮೇಲೆ, ಹಣೆಯ ಮೇಲೆ ಕೊರವಂಜಿ ಚುಚ್ಚಿದ ಹಚ್ಚೆ ಇದೆ. ಕಪ್ಪು ಮಸಿಯಿಂದಲೇ ಹಾಕಿದ್ದು, ಆದರೆ ಚರ್ಮದಡಿಯಿಂದ ಕಾಣುವುದು ಹಸಿರು ಬೆರೆತ ನೀಲಿ. ನಮ್ಮ ಕಡೆ ತೆಲುಗಿನವರು ಪಚ್ಚಬೊಟ್ಟು ಅನ್ನುವುದು ಅದಕ್ಕೇ ಇರಬೇಕು. ಸತ್ತಾಗ ಜೊತೆಗೆ ಬರುವ ಒಡವೆ ಇದೊಂದೇ ಎಂದು ಅವಳ ನಂಬಿಕೆ. ಕೂಡಲೇ ಅರಿಶಿನ ಕಲಸಿ ತಂದಳು. "ನಮಗೆಲ್ಲ ಇದನ್ನೇ ಹಚ್ಚಿದ್ದು ಕಣಮ್ಮ, ಏನಾಯ್ತು?" ಏನೂ ಆಗಲಿಲ್ಲ ನಿಜ. ಆದರೆ ಅವಳ ಜೊತೆ ಹುಯ್ಯಿಸಿಕೊಂಡ ತಂಗಿ ಕೈ ಊದಿ ತಿಂಗಳು ಮಲಗಿದ್ದಳು ಎನ್ನುವುದನ್ನೂ ಅವಳೇ ಇನ್ನೊಂದು ದಿನ ಹೇಳಿದಳು. ಡಬ್ಬಿಯ ಅರಿಶಿನ ಅಡುಗೆಗೆ ಚೊಕ್ಕ, ತೆರೆದ ಗಾಯಕ್ಕೆ ಅಲ್ಲ.

ಅವ್ವನಿಗೆ ಬೇಸರವಾದದ್ದು ಬೇರೆಯದಕ್ಕೆ. "ಬಳೆ ಯಾಕೆ ತೆಗೆದೆ? ಬರಿ ಕೈಲಿ ಇರಬಾರದು." ಬಲಗೈಗೆ ಎರಡು ಡಜನ್ ಹಾಕಿಕೊಳ್ಳುತ್ತೇನೆ ಎಂದರೂ ಒಪ್ಪಲಿಲ್ಲ. ಅವಳ ಸಮಾಧಾನಕ್ಕೆ ಮಂಗಳವಾರ ಒಂದು ಗಾಜಿನ ಬಳೆ ಏರಿಸಿದೆ. ಸಂಜೆಯ ಹೊತ್ತಿಗೆ ಕೆಳಗಿನ ಎಳೆಯ ಮೇಲೆ ತರಚಿತ್ತು.

ಅದೇ ವಾರ ಎರಡನೇ ಜ್ವರ ಮುಗಿದ ಚಾಕಿ ಹುಳು, ಅಂದರೆ ಎಳೆ ಹುಳು, ಮನೆಗೆ ಬಂದವು. ಹುಳು ಮನೆಗೆ ಹೋಗುವ ಮೊದಲು ಬ್ಲೀಚಿಂಗ್ ಪುಡಿ, ಸುಣ್ಣ ಬೆರೆಸಿದ ನೀರಲ್ಲಿ ಕೈ ಅದ್ದಬೇಕು. ಹುಳುವಿಗೆ ರೋಗ ತಗುಲದಿರಲಿ ಎಂದು. ಎರಡು ದಿನ ಮಣಿಕಟ್ಟಿನ ತನಕ ಅದ್ದಿದೆ. ಗುರುವಾರ ಕೈ ಕೆಂಪಗೆ, ತುರಿಕೆ ತಡೆಯಲಾರದಷ್ಟು. ಔಷಧಿ ಅಂಗಡಿಯಲ್ಲಿ ತುರಿಕೆ ಎಂದೆ, ಒಂದು ಟ್ಯೂಬು ಕೊಟ್ಟರು. ಅರ್ಧ ದಿನದಲ್ಲಿ ತುರಿಕೆ ಮಾಯ. ದೇವರ ಹಾಗೆ ಕಂಡ ಆ ಟ್ಯೂಬಿನಲ್ಲಿ ಹುಳುಕಡ್ಡಿಯ ಔಷಧಿ, ಆಂಟಿಬಯೋಟಿಕ್, ಜೊತೆಗೆ ಸ್ಟೆರಾಯ್ಡ್ ಇತ್ತು. ಸ್ಟೆರಾಯ್ಡ್ ಉರಿ ಅಡಗಿಸುತ್ತದೆ, ಗಾಯ ಮಾಯುವುದನ್ನೂ ತಡೆಯುತ್ತದೆ, ಸೋಂಕು ಬಂದರೆ ಮುಚ್ಚಿಡುತ್ತದೆ. ಚೀಟಿಯಿಲ್ಲದೆ ಕೇಳಿದ ತಪ್ಪೂ ನನ್ನದೇ ಅನ್ನಿ.

ನಾಲ್ಕನೇ ಜ್ವರಕ್ಕೆ ಹುಳು ಕೂತ ಹೊತ್ತಿಗೆ ಸರಿಯಾಗಿ ನನ್ನ ಹಚ್ಚೆಯ ಮೇಲೂ ಪೊರೆ ಏಳತೊಡಗಿತು. ಒಂದೊಂದು ಚೂರೂ ಶಾಯಿಯ ಬಣ್ಣ ಹೊತ್ತುಕೊಂಡು ಅಂಚಿನಲ್ಲಿ ಎದ್ದು ನಿಂತಿದೆ. ಒಂದು ಕಡೆ ಅಪ್ಪ "ಯಾರೂ ತಟ್ಟೆ ಮುಟ್ಟಬೇಡಿ" ಎನ್ನುತ್ತಿದ್ದಾರೆ, ಇನ್ನೊಂದು ಕಡೆ ನಾನು ಬಾಗಿಲಲ್ಲಿ ಕೂತು ಉಗುರಲ್ಲಿ ಕೀಳುತ್ತಿದ್ದೇನೆ. ಒಣಗಿ ತಾನೇ ಉದುರಿದ ಕಡೆ ಏನೂ ಆಗಲಿಲ್ಲ. ಅಂಟಿಕೊಂಡಿದ್ದ ಒಂದು ಹಕ್ಕಳೆಯನ್ನು ಎಳೆದೆ, ಅದರ ಜೊತೆ ಶಾಯಿಯೂ ಬಂತು. ಮೂರು ಚುಕ್ಕಿಯಷ್ಟು ಜಾಗ ಬೆಳ್ಳಗೆ.

ಮಾರನೇ ದಿನ ಅಲ್ಲೇ ಒಂದು ಕೀವಿನ ಗುಳ್ಳೆ, ಸುತ್ತ ಮುಟ್ಟಿದರೆ ಬಿಸಿ. ಆಗ ಚಿಂತಾಮಣಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಅವರು ಬೈಯಲಿಲ್ಲ, ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿದರು. ಐದು ದಿನದ ಮಾತ್ರೆ ಬರೆದರು. ಕೆಂಪು ಮೂರನೇ ದಿನದಿಂದ ಇಳಿಯುತ್ತಾ ಹೋಗಬೇಕು, ಏರುತ್ತಾ ಹೋದರೆ, ಕೆಂಪು ಗೆರೆ ತೋಳಿನತ್ತ ಹರಿದರೆ, ಚಳಿಜ್ವರ ಬಂದರೆ ಕಾಯಬೇಡ ಎಂದರು. ಉಳಿದದ್ದು ಇಷ್ಟೇ: ಕೈ ತೊಳೆದುಕೊಂಡು ವಾಸನೆಯಿಲ್ಲದ ಸೋಪಿನಲ್ಲಿ ದಿನಕ್ಕೆರಡು ಸಲ ತೊಳೆ, ಉಜ್ಜದೆ ಒತ್ತಿ ಒರೆಸು, ಬರೀ ವ್ಯಾಸಲೀನ್ ತೆಳ್ಳಗೆ ಸವರು, ಮೆತ್ತಬೇಡ. ಬಾವಿ, ಕೆರೆ, ಈಜು ಬೇಡ. ಮಾಯುವ ತನಕ ಬಟ್ಟೆಯ ನೆರಳು, ಮಾಯ್ದ ಮೇಲೆ ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್. ಒಂದು ವರ್ಷ ರಕ್ತದಾನವೂ ಇಲ್ಲ.

ವಾಸನೆಯ ಮಾತು ಕೇಳಿ ಅಮ್ಮನಿಗೆ ಖುಷಿ. ಹುಳು ಮನೆಗೆ ಸೆಂಟು, ಸೊಳ್ಳೆಬತ್ತಿ ಯಾವುದೂ ಆಗದು ಎಂದು ಅವಳು ಮೊದಲ ದಿನವೇ ನನ್ನ ಘಮಘಮ ಲೋಶನ್ನನ್ನು ಎತ್ತಿಟ್ಟಿದ್ದಳು. ಕೈ ಅದ್ದುವ ನೀರಿಗೆ ಮಾತ್ರ ಅಪ್ಪನ ಜೊತೆ ರಾಜಿಯಾಯಿತು: ಆ ಬೆಳೆ ಮುಗಿಯುವ ತನಕ ನಾನು ಹೊರಗಿನ ಸೊಪ್ಪು ಕೊಯ್ಯುವ ಕೆಲಸಕ್ಕೆ, ಉದ್ದ ತೋಳಿನ ಅಂಗಿ ಹಾಕಿಕೊಂಡು.

ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಏರಿದ ಹೊತ್ತಿಗೆ ಮೇಲ್ಚರ್ಮ ನಯವಾಗಿತ್ತು. ಅದು ಹೊರಗಿನ ಲೆಕ್ಕ. ಒಳಪದರ ಕೂಡಲು ಎರಡು ಮೂರು ತಿಂಗಳು ಬೇಕು. ಶಾಯಿ ನಿಂತಿರುವುದು ಅಲ್ಲಿಯೇ, ಅದೂ ಗೋಡೆಯ ಬಣ್ಣದ ಹಾಗಲ್ಲ. ಮೈಯ ಕಾವಲು ಕೋಶಗಳು ಅದನ್ನು ಕಸವೆಂದು ನುಂಗಿ, ಅರಗಿಸಲಾಗದೆ ಹೊಟ್ಟೆಯಲ್ಲಿಟ್ಟುಕೊಂಡು ಕೂತಿವೆ. ಅವು ಸತ್ತಾಗ ಬಿದ್ದ ಶಾಯಿಯನ್ನು ಹೊಸ ಕೋಶಗಳು ಮತ್ತೆ ನುಂಗುತ್ತವೆ ಎಂದು 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ಅವ್ವನ ಹಣೆಯ ಚುಕ್ಕಿ ಅರವತ್ತು ವರ್ಷದಿಂದ ಹೀಗೆ ಕೈ ಬದಲಾಯಿಸುತ್ತಾ ಬಂದಿದೆ ಎಂದರೆ ಅವಳು ನಂಬಲಿಲ್ಲ.

ಗುರುಪೂರ್ಣಿಮೆಗೆ ಕೈವಾರದ ತುಂಬ ಜನ, ಮೂರು ದಿನವೂ ಸಂಗೀತ. ಅವ್ವ ನನ್ನನ್ನು ಬಳೆ ಅಂಗಡಿಗೆ ಎಳೆದುಕೊಂಡು ಹೋದಳು. ಬಳೆಗಾರ ಎಡಗೈ ಹಿಡಿದು ಅಳತೆ ನೋಡುತ್ತಾ ಮಣಿಕಟ್ಟಿನ ಮೇಲೆ ಬೆರಳಿಟ್ಟ.

"ಇಲ್ಲೊಂದು ಬಳೆ ಒಡೆದಿದೆಯಲ್ಲಮ್ಮ."

"ಒಡೆದಿದೆ ಅನ್ನಬೇಡಪ್ಪ, ಹೆಚ್ಚಿದೆ ಅನ್ನು" ಎಂದಳು ಅವ್ವ.

ಆ ಮೂರು ಚುಕ್ಕಿ ತುಂಬಿಸಲು ಬೆಂಗಳೂರಿಗೆ ಹೋಗಬೇಕು. ಮುಂದಿನ ಬೆಳೆಯ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ ಮೇಲೆ, ಹುಳು ಮನೆ ಖಾಲಿ ಇರುವ ವಾರ ನೋಡಿಕೊಂಡು.