ಹಳೆಯ ಅಣೆಕಟ್ಟೆಯ ತೆರವು: ಕುಡಿಯುವ ನೀರು ಹಾಗೂ ದೋಣಿ ಸಂಚಾರದ ರಕ್ಷಣೆ



ಶಿಥಿಲವಾದ ಅಣೆಕಟ್ಟೆಯನ್ನು ತೆರವುಗೊಳಿಸುವಾಗ ಮೊದಲು ಯೋಚಿಸಬೇಕಾದುದು ಗೋಡೆಯನ್ನಲ್ಲ. ಅದರ ಹಿಂದೆ ದಶಕಗಳಿಂದ ಸಂಗ್ರಹವಾದ ಹೂಳನ್ನು ಮತ್ತು ಆ ನೀರನ್ನೇ ಅವಲಂಬಿಸಿದ ಜನರನ್ನು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಯ ಅನುಭವ ಇದಕ್ಕೆ ಉತ್ತಮ ಪಾಠವಾಗಿದೆ.

ಎಲ್ವಾ ನದಿಯ ಅನುಭವ

ವಿದ್ಯುತ್ ಉತ್ಪಾದನೆಗಾಗಿ 1913 ಹಾಗೂ 1927ರಲ್ಲಿ ಪೂರ್ಣಗೊಂಡ ಎರಡು ಅಣೆಕಟ್ಟೆಗಳು ಸಾಲ್ಮನ್ ಮೀನುಗಳ ಮಾರ್ಗವನ್ನು ಮುಚ್ಚಿದ್ದವು. ನದಿಯ ಪುನಶ್ಚೇತನಕ್ಕೆ 1992ರಲ್ಲಿ ಕಾಯ್ದೆಯಾದರೂ ತೆರವು ಕಾಮಗಾರಿ ಆರಂಭವಾದುದು 2011ರ ಸೆಪ್ಟೆಂಬರಿನಲ್ಲಿ. ಕೆಳಹರಿವಿನ ಪೋರ್ಟ್ ಏಂಜಲೀಸ್ ನಗರದ ನೀರು ಸರಬರಾಜಿಗೆ ಹೊಸ ಶುದ್ಧೀಕರಣ ಘಟಕಗಳನ್ನು ನಿರ್ಮಿಸಿದ ನಂತರವೇ ಗೋಡೆಗೆ ಕೈ ಹಾಕಲಾಯಿತು. ಸುಮಾರು 2 ಕೋಟಿ ಘನ ಮೀಟರ್ ಹೂಳು ಒಮ್ಮೆಗೇ ಹರಿಯದಂತೆ ಎತ್ತರದ ಅಣೆಕಟ್ಟೆಯನ್ನು ಹಂತಹಂತವಾಗಿ, ನಡುವೆ ವಿರಾಮ ನೀಡುತ್ತ ಇಳಿಸಲಾಯಿತು.

ಇಷ್ಟಾದರೂ 2012ರ ಶರತ್ಕಾಲದಲ್ಲಿ ಹೂಳು, ಎಲೆ ಮತ್ತು ಕಡ್ಡಿಗಳು ನೀರೆತ್ತುವ ಘಟಕದ ಜರಡಿ ಹಾಗೂ ಪಂಪುಗಳಲ್ಲಿ ಕಟ್ಟಿಕೊಂಡವು. ದುರಸ್ತಿಗಾಗಿ ತೆರವು ಕಾರ್ಯ ಸುಮಾರು ಒಂದು ವರ್ಷ ಸ್ಥಗಿತಗೊಂಡು, 2014ರ ಆಗಸ್ಟಿನಲ್ಲಿ ಮುಗಿಯಿತು. ಬಳಿಕವೂ ಕಮರಿಯಲ್ಲಿ ಉಳಿದಿದ್ದ ದೊಡ್ಡ ಬಂಡೆಗಳನ್ನು ಸ್ಫೋಟಿಸಿ ತೆಗೆಯಬೇಕಾಯಿತು.

ದೋಣಿಗಳಿಗೆ ಅಪಾಯವೇಕೆ?

ಅರ್ಧ ಒಡೆದ ಅಣೆಕಟ್ಟೆ ಪೂರ್ಣ ಅಣೆಕಟ್ಟೆಗಿಂತ ಅಪಾಯಕಾರಿ. ಕಿಂಡಿಯಲ್ಲಿ ನುಗ್ಗುವ ನೀರು ಹರಿಗೋಲನ್ನು ತನ್ನೆಡೆಗೆ ಸೆಳೆಯುತ್ತದೆ. ಕೆಳಗೆ ಸುಳಿ ಏಳುತ್ತದೆ. ಮುರಿದ ಕಾಂಕ್ರೀಟಿನ ಕಬ್ಬಿಣದ ಸರಳುಗಳು ನೀರಿನೊಳಗೆ ಕಾಣುವುದಿಲ್ಲ. ಆದುದರಿಂದ ಕಾಮಗಾರಿಯ ಅವಧಿಯಲ್ಲಿ ಮೇಲೂ ಕೆಳಗೂ ಸಂಚಾರ ನಿಷೇಧಿಸಿ, ಫಲಕ ಹಾಗೂ ತೇಲುಬುರುಡೆಗಳ ಸಾಲು ಹಾಕಿ, ದಾಟಲು ಬದಲಿ ವ್ಯವಸ್ಥೆ ಕಲ್ಪಿಸಬೇಕು.

ಗ್ರಾಮ ಪಂಚಾಯಿತಿಯ ಪಾತ್ರ

ವಿನ್ಯಾಸ ಎಂಜಿನಿಯರರ ಹೊಣೆ. ಆದರೆ ಯಾವ ಕಡವಿನಲ್ಲಿ ಮಕ್ಕಳು ಹರಿಗೋಲಿನಲ್ಲಿ ಶಾಲೆಗೆ ದಾಟುತ್ತಾರೆ, ಯಾವ ಜಾಕ್‌ವೆಲ್ ಬೇಸಿಗೆಯಲ್ಲಿ ಮೊದಲು ಕೈಕೊಡುತ್ತದೆ ಎಂಬುದನ್ನು ಬಲ್ಲವರು ತಾವೇ. ನಮ್ಮಲ್ಲಿ ಹಳೆಯ ಒಡ್ಡು ಅಥವಾ ಕಿಂಡಿ ಅಣೆಕಟ್ಟೆಯ ತೆರವಿನ ಪ್ರಸ್ತಾವ ಬಂದಾಗ ಗ್ರಾಮಸಭೆಯಲ್ಲಿ ಈ ಪ್ರಶ್ನೆಗಳನ್ನು ಕೇಳತಕ್ಕದ್ದು:

1. ನೀರಿನ ಮಟ್ಟ ಇಳಿದಾಗ ಜಾಕ್‌ವೆಲ್ ಮತ್ತು ದಡದ ಬಾವಿಗಳಿಗೆ ನೀರು ದೊರೆಯುವುದೇ? ಬದಲಿ ಮೂಲವನ್ನು ಪರೀಕ್ಷಿಸಲಾಗಿದೆಯೇ?
2. ಹೂಳಿನ ಪ್ರಮಾಣ ಅಳೆಯಲಾಗಿದೆಯೇ? ಕಲುಷಿತ ಅಂಶಗಳ ಪರೀಕ್ಷೆ ಆಗಿದೆಯೇ?
3. ನೀರು ಕೆಂಪಾದೊಡನೆ ಪಂಪು ನಿಲ್ಲಿಸಲು ನೀರಗಂಟಿಗೆ ಸೂಚನೆ ನೀಡಲಾಗಿದೆಯೇ?
4. ಅಂಬಿಗರಿಗೂ ಮೀನುಗಾರರಿಗೂ ದಿನಾಂಕವನ್ನು ಡಂಗುರದ ಮೂಲಕ ತಿಳಿಸಲಾಗಿದೆಯೇ?

ಇವುಗಳಿಗೆ ಲಿಖಿತ ಉತ್ತರ ದೊರೆತು ನಡವಳಿಯಲ್ಲಿ ದಾಖಲಾಗುವವರೆಗೆ ಕಾಮಗಾರಿಗೆ ಸಮ್ಮತಿ ಸೂಚಿಸದಿರುವುದು ಲೇಸು.