ಒಂದೇ ಉಗ್ರಾಣಕ್ಕೆ ಎರಡು ಹಾದಿ: ದತ್ತಾಂಶ ಸಂಗ್ರಹಣೆಯಲ್ಲಿ ಬಹುಪಥ ನಿರ್ವಹಣೆ

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣ ಹೋಬಳಿಯ ರೈತರು ಒಂದು ಕಾಲದಲ್ಲಿ ಪಹಣಿಗಾಗಿ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕವನ್ನೇ ಅವಲಂಬಿಸಬೇಕಾಗಿತ್ತು. ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯಡಿ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ದಾಖಲೆಗಳು ಗಣಕೀಕೃತಗೊಂಡವು. 2014ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಸಂಸ್ಥೆಯ ಮೂಲಕ ಕೃಷಿ ಮಾರುಕಟ್ಟೆಗಳ ವಹಿವಾಟೂ ಗಣಕಯಂತ್ರಕ್ಕೆ ಬಂದಿತು. ದಾಖಲೆಗಳು ಒಂದೆಡೆ ಕೂಡಿದಷ್ಟೂ ಅನುಕೂಲ ಹೆಚ್ಚು. ಆದರೆ ಅಲ್ಲಿಗೆ ಹೋಗುವ ಹಾದಿ ಕಡಿದರೆ ಆಗುವ ನಷ್ಟವೂ ಅಷ್ಟೇ ಹೆಚ್ಚು. ಅಡಿಕೆ ಹಂಗಾಮಿನಲ್ಲಿ ಸಹಕಾರ ಸಂಘವೊಂದರ ಸರ್ವರ್ ಅರ್ಧ ದಿನ ನಿಂತರೆ ತೂಕ, ಬಿಲ್ಲು, ಪಾವತಿ ಎಲ್ಲವೂ ನಿಲ್ಲುತ್ತವೆ.

ಈ ಅಪಾಯವನ್ನು ತಗ್ಗಿಸಲು ಸರ್ವರ್‌ನಿಂದ ಸಂಗ್ರಹಣಾ ಪೆಟ್ಟಿಗೆಗೆ ಒಂದರ ಬದಲು ಎರಡು ಕೇಬಲ್ ಹಾದಿಗಳನ್ನು ಕಲ್ಪಿಸುವುದು ರೂಢಿ. ಇಲ್ಲಿಯೇ ಒಂದು ತೊಡಕು ಹುಟ್ಟುತ್ತದೆ. ಎರಡು ಬಾಗಿಲುಗಳಿರುವ ಉಗ್ರಾಣಕ್ಕೆ ಒಬ್ಬ ಗುಮಾಸ್ತನು ಎರಡೂ ಕಡೆಯಿಂದ ಹೋಗಿ, ಇರುವ 100 ಚೀಲಗಳನ್ನು 200 ಎಂದು ಬರೆದುಕೊಂಡಂತೆ, ಲಿನಕ್ಸ್ ವ್ಯವಸ್ಥೆಯು ಒಂದೇ ಡಿಸ್ಕನ್ನು 'ಎಸ್‌ಡಿಬಿ', 'ಎಸ್‌ಡಿಸಿ' ಎಂಬ ಎರಡು ಡಿಸ್ಕುಗಳೆಂದು ಕಾಣುತ್ತದೆ. ಅವುಗಳನ್ನು ಬೇರೆ ಬೇರೆ ಎಂದು ಭಾವಿಸಿ ಎರಡಕ್ಕೂ ಬರೆದರೆ ಲೆಕ್ಕಪತ್ರಗಳೇ ಕೆಡುತ್ತವೆ. ಪ್ರತಿ ಡಿಸ್ಕಿಗೂ ಬದಲಾಗದ ಗುರುತಿನ ಸಂಖ್ಯೆಯೊಂದು ಇರುತ್ತದೆ. ಲಿನಕ್ಸ್‌ನ 'ಮಲ್ಟಿಪಾತ್' ತಂತ್ರಾಂಶವು ಆ ಸಂಖ್ಯೆಯನ್ನು ಹೋಲಿಸಿ, ಎರಡೂ ಹಾದಿಗಳನ್ನು ಕೂಡಿಸಿ 'ಎಂಪಾತ್‌ಎ' ಎಂಬಂಥ ಒಂದೇ ಹೆಸರನ್ನು ಕೊಡುತ್ತದೆ. ಮುಂದೆ ಎಲ್ಲ ಕೆಲಸವೂ ಈ ಹೆಸರಿನಿಂದಲೇ ನಡೆಯಬೇಕು.

ಆದೇಶ ಸಾಲಿನಿಂದ ಇದನ್ನು ನಿರ್ವಹಿಸುವ ಕ್ರಮ ಹೀಗಿದೆ. (ಆದೇಶಗಳನ್ನು ಯಂತ್ರದಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡತಕ್ಕದ್ದು.)

1. ಪರಿಶೀಲನೆ: 'ಮಲ್ಟಿಪಾತ್ -ಎಲ್‌ಎಲ್' ಎಂಬ ಆದೇಶ ಕೊಟ್ಟರೆ ಪ್ರತಿ ಡಿಸ್ಕಿನ ಕೆಳಗೆ ಅದರ ಹಾದಿಗಳ ಪಟ್ಟಿ ಬರುತ್ತದೆ. ಸುಸ್ಥಿತಿಯ ಹಾದಿಯ ಮುಂದೆ 'ಆಕ್ಟಿವ್ ರೆಡಿ' ಎಂದೂ, ಕೆಟ್ಟ ಹಾದಿಯ ಮುಂದೆ 'ಫೇಲ್ಡ್ ಫಾಲ್ಟಿ' ಎಂದೂ ಇರುತ್ತದೆ.

2. ದುರಸ್ತಿಗೆ ಮುನ್ನ: ಕೇಬಲನ್ನು ಕೀಳುವ ಮೊದಲು 'ಮಲ್ಟಿಪಾತ್‌ಡಿ ಫೇಲ್ ಪಾತ್ ಎಸ್‌ಡಿಬಿ' ಎಂದು ಆ ಹಾದಿಯನ್ನು ಬದಿಗಿರಿಸಬೇಕು. ಇನ್ನೊಂದು ಹಾದಿ ಸುಸ್ಥಿತಿಯಲ್ಲಿದೆಯೆಂದು ಮೊದಲನೆಯ ಆದೇಶದಿಂದ ಖಚಿತಪಡಿಸಿಕೊಂಡ ನಂತರವೇ ಇದನ್ನು ಮಾಡತಕ್ಕದ್ದು.

3. ದುರಸ್ತಿಯ ನಂತರ: 'ಮಲ್ಟಿಪಾತ್‌ಡಿ ರೀಇನ್‌ಸ್ಟೇಟ್ ಪಾತ್ ಎಸ್‌ಡಿಬಿ' ಎಂದು ಅದನ್ನು ಮರಳಿ ಸೇರಿಸಿ, ಪಟ್ಟಿಯನ್ನು ಮತ್ತೊಮ್ಮೆ ನೋಡಬೇಕು.

4. ಎರಡೂ ಹಾದಿ ಕೆಟ್ಟಾಗ: 'ನೋ ಪಾತ್ ರಿಟ್ರೈ' ಎಂಬ ನಿಯಮವು ಎಷ್ಟು ಬಾರಿ ಕಾದು ನೋಡಬೇಕೆಂಬುದನ್ನು ನಿರ್ಧರಿಸುತ್ತದೆ. 5 ಸೆಕೆಂಡಿಗೊಮ್ಮೆ ಪರೀಕ್ಷೆಯಂತೆ 12 ಎಂದು ಕೊಟ್ಟರೆ ಸುಮಾರು ಒಂದು ನಿಮಿಷ ಕಾಯುತ್ತದೆ. ಅನಂತರ ತಂತ್ರಾಂಶಗಳಿಗೆ ದೋಷವೆಂದು ತಿಳಿಸುತ್ತದೆ. 'ಕ್ಯೂ' ಎಂದು ಕೊಟ್ಟರೆ ಹಾದಿ ಮರಳುವವರೆಗೂ ಕಾಯುತ್ತದೆ. ಆಗ ಬಿಲ್ಲಿನ ಪರದೆಯು ಕಾರಣ ಹೇಳದೆ ಸ್ತಬ್ಧವಾಗುತ್ತದೆ. ಯಾವುದು ತಮಗೆ ಸೂಕ್ತವೆಂಬುದನ್ನು ವ್ಯವಹಾರ ಅರಿತವರು ನಿರ್ಧರಿಸಬೇಕೇ ಹೊರತು ತಂತ್ರಜ್ಞರಿಗಷ್ಟೇ ಬಿಡಬಾರದು.

ಈ ವ್ಯವಸ್ಥೆಯ ಗುಣವೇ ಅದರ ದೋಷವೂ ಆಗಿದೆಯೆಂಬುದನ್ನು ಸದಸ್ಯರು ಮುಖ್ಯವಾಗಿ ಗಮನಿಸಬೇಕು. ಒಂದು ಹಾದಿ ಕೆಟ್ಟರೂ ಕೆಲಸ ನಿಲ್ಲುವುದಿಲ್ಲ. ಆದ್ದರಿಂದ ಯಾರಿಗೂ ತಿಳಿಯುವುದಿಲ್ಲ. ತಿಂಗಳುಗಟ್ಟಲೆ ಒಂದೇ ಹಾದಿಯ ಮೇಲೆ ನಡೆದು, ಅದೂ ಕೆಟ್ಟ ದಿನ ಎಲ್ಲವೂ ನಿಲ್ಲುತ್ತದೆ. ವಾರಕ್ಕೊಮ್ಮೆ ಮೊದಲನೆಯ ಆದೇಶವನ್ನು ಕೊಟ್ಟು, ಹಾದಿಗಳ ಸಂಖ್ಯೆಯನ್ನು ನೋಂದಣಿ ಪುಸ್ತಕದಲ್ಲಿ ಬರೆದಿಡುವುದು ಖರ್ಚಿಲ್ಲದ ವಿಮೆ. ಅಂತೆಯೇ, ಎರಡೂ ಕೇಬಲ್‌ಗಳು ಒಂದೇ ಸ್ವಿಚ್ಚಿಗೆ ಹೋಗಿದ್ದರೆ, ಅಥವಾ ಎರಡು ಸ್ವಿಚ್ಚುಗಳಿಗೂ ವಿದ್ಯುತ್ತು ಒಂದೇ ಯುಪಿಎಸ್‌ನಿಂದ ಬರುತ್ತಿದ್ದರೆ, ಹೆಸರಿಗೆ ಎರಡಾದರೂ ಸಂಕಟಕಾಲಕ್ಕೆ ಅದು ಒಂದೇ ಹಾದಿ.

ಬಹುಪಥವು ಪ್ರತಿ ಅಂಗಡಿಗೂ ಅಗತ್ಯವಲ್ಲ. ಒಂದೇ ಗಣಕಯಂತ್ರದಲ್ಲಿ ಲೆಕ್ಕವಿಡುವ ವರ್ತಕರಿಗೆ ದಿನನಿತ್ಯದ ಪ್ರತಿಯೇ ಸಾಕು. ಪ್ರತ್ಯೇಕ ಸಂಗ್ರಹಣಾ ಪೆಟ್ಟಿಗೆಯುಳ್ಳ ಬ್ಯಾಂಕು, ಗಿರಣಿ, ಮಾರಾಟ ಸಹಕಾರ ಸಂಘಗಳಿಗೆ ಮಾತ್ರ ಇದು ಅತ್ಯವಶ್ಯ. ಅವರೂ ಮರೆಯಬಾರದ ಸಂಗತಿ ಒಂದುಂಟು. ಬಹುಪಥವು ಉಗ್ರಾಣದ ಹಾದಿಯನ್ನು ಕಾಯುತ್ತದೆ, ಸರಕನ್ನಲ್ಲ. ಅಳಿಸಿಹೋದ ಲೆಕ್ಕವು ಎರಡು ಹಾದಿಯಿಂದ ನೋಡಿದರೂ ಅಳಿಸಿಯೇ ಇರುತ್ತದೆ. ಆದುದರಿಂದ ಬೇರೊಂದು ಸ್ಥಳದಲ್ಲಿ ದತ್ತಾಂಶದ ಪ್ರತಿ ಇಡುವ ಪದ್ಧತಿಯನ್ನು ಯಾರೂ ಕೈಬಿಡಬಾರದು.