ಗ್ರಂಥಿ ಜ್ವರ: ಬೇಗ ಗುಣ ಮಾಡುವ ಸೂಜಿ ಇದೆಯೇ?



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಜಾತ್ರೆ ಅಂದರೆ ಕುಸ್ತಿ, ಕಬಡ್ಡಿ ಇರಬೇಕು. ಆಟಗಾರ ಹುಡುಗ ಜ್ವರ ಬಂದು ಮಲಗಿದರೆ, "ಒಂದು ಸಲಾಯಿನ್ ಹಚ್ಚಸ್ರಿ, ನಾಳೆ ಎದ್ದು ನಿಲ್ತಾನ" ಎನ್ನುವವರು ನಮ್ಮಲ್ಲಿ ಬಹಳ. ಗ್ರಂಥಿ ಜ್ವರದಲ್ಲಿ ಈ ಅವಸರ ಅಪಾಯಕಾರಿ.

ಇದು ಎಪ್‌ಸ್ಟೀನ್-ಬಾರ್ ಎಂಬ ವೈರಾಣುವಿನಿಂದ ಬರುವ ರೋಗ. ಎಂಜಲಿನಿಂದ ಹರಡುತ್ತದೆ, ತಂಡದವರೆಲ್ಲ ಒಂದೇ ಬಾಟಲಿಗೆ ಬಾಯಿ ಹಚ್ಚಿ ನೀರು ಕುಡಿಯುವುದೂ ಒಂದು ದಾರಿ. ಚಿಕ್ಕ ಮಕ್ಕಳಿಗೆ ಗೊತ್ತಾಗದ ಹಾಗೆ ಬಂದು ಹೋಗುತ್ತದೆ. ಹರೆಯದಲ್ಲಿ ಬಂದರೆ ಜ್ವರ, ಗಂಟಲು ಬೇನೆ, ಕುತ್ತಿಗೆಯಲ್ಲಿ ಗಂಟು, ವಾರಗಟ್ಟಲೆ ಸುಸ್ತು. ಟೈಫಾಯಿಡ್, ಡೆಂಗಿ ಜ್ವರಗಳೂ ಮೊದಮೊದಲು ಹೀಗೇ ಕಾಣಬಹುದು. ಆದ್ದರಿಂದ ಊಹೆ ಬೇಡ, ರಕ್ತ ಪರೀಕ್ಷೆ ಮಾಡಿಸಿರಿ. ಗಂಟು 2 ವಾರ ದಾಟಿಯೂ ಇಳಿಯದಿದ್ದರೆ ಕ್ಷಯರೋಗದ ತಪಾಸಣೆಯೂ ಆಗಲಿ.

ಮುಖ್ಯ ಮಾತು ಗುಲ್ಮದ್ದು. ಎಡ ಪಕ್ಕೆಲುಬಿನ ಕೆಳಗಿರುವ ಈ ಅಂಗ ಗ್ರಂಥಿ ಜ್ವರದಲ್ಲಿ ಬಾತು ಮೆತ್ತಗಾಗುತ್ತದೆ. ಎದುರಾಳಿಯ ಮೊಣಕಾಲು ತಾಗಿದರೂ ಅದು ಹರಿದು ಹೊಟ್ಟೆಯೊಳಗೇ ರಕ್ತ ಸೋರಬಹುದು. ಅಪರೂಪ, ನಿಜ, ಆದರೆ ಆದರೆ ಪ್ರಾಣಕ್ಕೇ ಕುತ್ತು. ಜ್ವರ ಬಿಟ್ಟ ಮಾತ್ರಕ್ಕೆ ಗುಲ್ಮದ ಬಾವು ಇಳಿದಿರುವುದಿಲ್ಲ. ಅದಕ್ಕೇ ರೋಗ ಶುರುವಾದಾಗಿನಿಂದ ಕನಿಷ್ಠ 3 ವಾರ ತಾಲೀಮು ಬೇಡ. ಕುಸ್ತಿ, ಕಬಡ್ಡಿಗೆ 4 ವಾರವಾದರೂ ತಡೆದು, ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ಹೂಂ ಅಂದ ಮೇಲೇ ಕಣಕ್ಕೆ ಇಳಿಯಬೇಕು.

ಇನ್ನು ಸಲಾಯಿನ್. 500 ಮಿ.ಲೀ. ಬಾಟಲಿಯಲ್ಲಿ ಇರುವುದು ನೀರು ಮತ್ತು 4.5 ಗ್ರಾಂ ಉಪ್ಪು. ಬಾಯಿಂದ ಕುಡಿಯಲು ಆಗುವವನಿಗೆ ಉಪ್ಪು ಹಾಕಿದ ಮಜ್ಜಿಗೆಯೇ ಸಾಕಲ್ಲ! ಆಂಟಿಬಯಾಟಿಕ್ ವೈರಾಣುವನ್ನು ಕೊಲ್ಲುವುದಿಲ್ಲ. ಅಮಾಕ್ಸಿಸಿಲಿನ್ ಕೊಟ್ಟರೆ ಮೈತುಂಬ ದದ್ದು ಏಳಬಹುದು. ಸ್ಟೆರಾಯ್ಡ್ ಸೂಜಿಯಿಂದ ಗಂಟಲು ಒಂದೆರಡು ದಿನ ಹಗುರ ಎನಿಸೀತು, ರೋಗ ಬೇಗ ಬಿಡದು. ಗಂಟಲು ಬಾತು ಉಸಿರು ಕಟ್ಟಿದಾಗ ಆಸ್ಪತ್ರೆಯಲ್ಲಿ ಕೊಡುವ ಮಾತು ಬೇರೆ. ಉದ್ದೀಪನ ಮದ್ದು ತಡೆ ನಿಯಮದಂತೆ 2022ರಿಂದ ಸ್ಪರ್ಧೆಯ ಸಮಯದಲ್ಲಿ ಇಂಥ ಎಲ್ಲ ಸ್ಟೆರಾಯ್ಡ್ ಸೂಜಿಗಳಿಗೂ ನಿಷೇಧವಿದೆ. ಆಸ್ಪತ್ರೆ ಚಿಕಿತ್ಸೆ ಬಿಟ್ಟರೆ, 12 ತಾಸಿನಲ್ಲಿ 100 ಮಿ.ಲೀ. ಮೀರಿದ ಸಲಾಯಿನ್ ಕೂಡ ತಪ್ಪೇ.

ದುಡ್ಡಿದ್ದವರಿಗೆ ಬೇರೆ ಔಷಧ ಇದೆ ಅಂತಲೂ ತಿಳಿಯಬೇಡಿ. ಟೆನಿಸ್ ಆಟಗಾರ ರೋಜರ್ ಫೆಡರರ್‌ಗೆ 2008ರ ಆರಂಭದಲ್ಲಿ ಈ ಜ್ವರವಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕನ್ ಓಪನ್ ಗೆದ್ದರು. ಸ್ವೀಡನ್ನಿನ ರಾಬಿನ್ ಸೋಡರ್ಲಿಂಗ್ 2011ರ ಜುಲೈನಲ್ಲಿ ಆಡಿದ್ದೇ ಕೊನೆ. ಇದೇ ಜ್ವರದ ಸುಸ್ತು ಬಿಡದೆ, 2015ರಲ್ಲಿ ನಿವೃತ್ತಿ ಹೇಳಿದರು. ಹೆಚ್ಚಿನವರು ಕೆಲವು ವಾರಗಳಲ್ಲಿ ಸುಧಾರಿಸುತ್ತಾರೆ. ಮತ್ತೆ ಶುರು ಮಾಡುವಾಗ ಮೊದಲು ನಡಿಗೆ, ಆಮೇಲೆ ಹಗುರ ಓಟ. ಮರುದಿನ ಸುಸ್ತಾದರೆ ಒಂದು ಹೆಜ್ಜೆ ಹಿಂದೆ.

ಎಡಹೊಟ್ಟೆ ಅಥವಾ ಎಡ ಭುಜದಲ್ಲಿ ದಿಢೀರನೆ ನೋವು, ತಲೆಸುತ್ತು ಬಂದರೆ ತಡಮಾಡದೆ 108ಕ್ಕೆ ಫೋನ್ ಮಾಡಿರಿ.